ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಕೇ?

ನಿಲ್ಲಿಸಬಾರದು. ರಕ್ತ ಬರುವ ಜಾಗವನ್ನೇ ಮೆದುವಾದ ಬ್ರಷ್‌ನಿಂದ, ಒತ್ತಡ ಹಾಕದೆ, ಇನ್ನಷ್ಟು ಜೋಪಾನವಾಗಿ ಉಜ್ಜಬೇಕು.

ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪದರವೊಂದು ದಿನವೂ ಕಟ್ಟಿಕೊಳ್ಳುತ್ತದೆ. ಇದೇ ಪ್ಲಾಕ್. ಅದು ಅಲ್ಲೇ ಉಳಿದರೆ ದೇಹ ಅದರ ವಿರುದ್ಧ ಹೋರಾಡಲು ಆ ಭಾಗಕ್ಕೆ ಹೆಚ್ಚು ರಕ್ತ ಹರಿಸುತ್ತದೆ. ವಸಡು ಕೆಂಪಾಗಿ ಊದಿಕೊಂಡು, ಬ್ರಷ್ ತಾಗಿದರೆ ಸಾಕು, ರಕ್ತ ಒಸರುತ್ತದೆ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ಬಿಡಲು ಹೇಳಿದರು. ಎಲ್ಲರಿಗೂ 10ರಿಂದ 21 ದಿನಗಳೊಳಗೆ ವಸಡಿನ ಉರಿಯೂತ ಬಂತು, ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ನನಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ಬೇರೆ ಗೊತ್ತಿಲ್ಲ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ, ಬ್ರಷ್‌ನ ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣಗೆ ಆಡಿಸಿ. ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಫ್ಲಾಸ್ ದಾರವೋ ಸಂದಿಯ ಪುಟ್ಟ ಬ್ರಷ್ಷೋ ಬೇಕು. ಬಾಯಿ ಮುಕ್ಕಳಿಸುವ ದ್ರಾವಣ ಇದಕ್ಕೆ ಬದಲಿಯಲ್ಲ.

ಪ್ಲಾಕ್ ಗಟ್ಟಿಯಾಗಿ ಕಲ್ಲಿನಂತಾದರೆ ಬ್ರಷ್‌ಗೆ ಬಗ್ಗುವುದಿಲ್ಲ, ದಂತವೈದ್ಯರೇ ತೆಗೆಯಬೇಕು. ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ ದಯವಿಟ್ಟು ಅವರಿಗೆ ತೋರಿಸಿ. ಉರಿಯೂತ ಒಳಗಿಳಿದು ಹಲ್ಲಿನ ಸುತ್ತಲ ಮೂಳೆ ಸವೆದರೆ ಅದು ತಾನಾಗಿ ಮರಳುವುದಿಲ್ಲ. ಧೂಮಪಾನಿಗಳು ಇನ್ನೂ ಎಚ್ಚರವಾಗಿರಬೇಕು: ಅವರ ವಸಡು ರೋಗವಿದ್ದರೂ ಕಡಿಮೆ ರಕ್ತ ಸುರಿಸುತ್ತದೆ.