ಸೋಮವಾರ ಬೆಳಿಗ್ಗೆ ಬರೋ ಹೊಟ್ಟೆನೋವು

ಹೆಸರು, ಊರು, ಮನೆಯವರ ಕೆಲಸ ಎಲ್ಲಾ ಬದಲಾಯಿಸಿದೀನಿ. ಹುಡುಗ ಚಿನ್ನು ಅಂತಿಟ್ಕೊಳ್ಳಿ, ಹತ್ತು ವರ್ಷ, ಐದನೇ ಕ್ಲಾಸು. ಜೂನ್‌ನಿಂದ ಹೊಟ್ಟೆನೋವು, ಅದೂ ಸ್ಕೂಲಿಗೆ ಹೊರಡೋ ಹೊತ್ತಿಗೇ. ಮಕ್ಕಳ ಡಾಕ್ಟ್ರು ರಕ್ತ, ಮೂತ್ರ, ಸ್ಕ್ಯಾನಿಂಗ್ ಮಾಡಿಸಿ ಏನೂ ಇಲ್ಲ ಅಂದ್ಮೇಲೆ ಮಕ್ಕಳ ಮನೋವೈದ್ಯೆಯಾದ ನನ್ನ ಹತ್ರ ಬಂದ್ರು. ಅಷ್ಟರಲ್ಲಿ ಅಜ್ಜಿ ದೃಷ್ಟಿ ತೆಗೆದಾಗಿತ್ತು, ಅಮ್ಮ ಟ್ಯೂಷನ್ ಬಿಡಿಸಿದ್ದಾಗಿತ್ತು, ನಾಟಕ ಆಡ್ತಾನೆ ಅಂತ ಅಪ್ಪ ಎರಡೇಟು ಹಾಕಿದ್ದೂ ಆಗಿತ್ತು.

ನಾಟಕ ಅಲ್ಲ. ಸ್ಕ್ಯಾನಲ್ಲಿ ಕಾಣ್ಲಿಲ್ಲ ಅಂದ್ರೂ ಮಗುಗೆ ನಿಜವಾಗ್ಲೂ ನೋಯ್ತಿರತ್ತೆ.

ನಾನು ಎಂಬಿಬಿಎಸ್ ಆದ್ಮೇಲೆ ಮೂರು ವರ್ಷ ಸೈಕಿಯಾಟ್ರಿ ಎಂಡಿ, ಮತ್ತೆ ಮೂರು ವರ್ಷ ಮಕ್ಕಳ ಮನೋವೈದ್ಯಕೀಯದಲ್ಲಿ ಡಿಎಂ ಅನ್ನೋ ಅದರ ಮೇಲಿನ ಡಿಗ್ರಿ ಮಾಡಿದವಳು, ಆದ್ರೂ ಶುರುವಲ್ಲಿ ಮಗೂನ ಒಂದನ್ನೇ ಒಳಗೆ ಕರೆದು ಮಾತಾಡಿಸಿ ಅಮ್ಮಂಗೆ ನಾಲ್ಕು ಮಾತು ಹೇಳಿ ಕಳಿಸ್ತಿದ್ದೆ, ಎಷ್ಟೋ ಮಕ್ಕಳು ಅದೇ ತೊಂದ್ರೆ ಹೊತ್ಕೊಂಡು ವಾಪಸ್ ಬರೋವು. ಫ್ಯಾಮಿಲಿ ಥೆರಪಿ, ಅಂದ್ರೆ ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾಡೋ ಚಿಕಿತ್ಸೆ ಕಡೆ ನನ್ನ ತಿರುಗಿಸಿದ್ದು ಸಾಲ್ವಡಾರ್ ಮಿನುಚಿನ್ ಅವರ ಕೆಲಸ. 1921ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿದ ಮಕ್ಕಳ ಮನೋವೈದ್ಯರು, 1965ರಿಂದ ಫಿಲಡೆಲ್ಫಿಯಾದ ಮಕ್ಕಳ ಕ್ಲಿನಿಕ್ ನಡೆಸಿದವರು. ದೊಡ್ಡೋರಿಗೂ ಮಕ್ಕಳಿಗೂ ನಡುವೆ ಒಂದು ಗೆರೆ ಇರ್ಬೇಕು, ಅದು ಅಳಿಸಿಹೋದ್ರೆ ದೊಡ್ಡೋರ ಜಗಳದ ಭಾರ ಮಗು ಹೊರತ್ತೆ ಅನ್ನೋದು ಅವರಿಂದ ಕಲಿತದ್ದು. ಸೆಷನ್ನಲ್ಲಿ ಯಾರು ಎಲ್ಲಿ ಕೂತಿದಾರೆ ಅಂತ ನೋಡಿ ಜಾಗಾನೇ ಬದಲಾಯಿಸೋರು.

ಅದಕ್ಕೇ ನಾಲ್ಕೂ ಜನ ಬನ್ನಿ ಅಂದೆ. ಚಿನ್ನು ಅಮ್ಮ ಅಜ್ಜಿ ಮಧ್ಯೆ ಕೂತ, ಅಪ್ಪ ಬಾಗಿಲ ಹತ್ರ ಫೋನ್ ಹಿಡ್ಕೊಂಡು. ತಿಂಡಿ ಏನು ತಿಂದೆ ಅಂತ ಕೇಳಿದ್ರೂ ಹುಡುಗ ಮೊದ್ಲು ಅಮ್ಮನ ಮುಖ, ಆಮೇಲೆ ಅಜ್ಜಿ ಮುಖ ನೋಡಿ "ಇಡ್ಲಿ" ಅಂದ. ಅಪ್ಪಂಗೆ ಬೆಂಗಳೂರಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸಿಗೆ ಹೊರಡ್ತಾರೆ, ಹೊರಡೋ ಮುಂಚೆ ಪ್ರತಿ ವಾರ ಬೆಂಗಳೂರಿಗೆ ಮನೆ ಮಾಡೋದಾ ಬೇಡ್ವಾ ಅಂತ ಜಗಳ. ಅಪ್ಪನ್ನ ಎಬ್ಬಿಸಿ ಅಮ್ಮನ ಪಕ್ಕ ಕೂರಿಸ್ದೆ, ಚಿನ್ನುನ್ನ ನನ್ನ ಪಕ್ಕ. ಸ್ವಲ್ಪ ಹೊತ್ತಾದ್ಮೇಲೆ ಅವನೇ ಮೆತ್ತಗೆ ಹೇಳ್ದ, "ನಾನು ಸ್ಕೂಲಿಗೆ ಹೋದ್ರೆ ಮನೇಲಿ ಅಮ್ಮ ಅಜ್ಜಿ ಇಬ್ರೇ ಇರ್ತಾರಲ್ಲ."

ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. "ಡಾಕ್ಟ್ರಮ್ಮ, ಇದು ಅವನ ತಲೇಲಿ ಕೂತಿದೆ ಅಂತ ನಮಗೆ ಗೊತ್ತೇ ಇರ್ಲಿಲ್ಲ."

ಮಾತ್ರೆ ಬರೀಲಿಲ್ಲ. ಮನೆ ಬದಲಿಸೋ ಮಾತು ಚಿನ್ನು ಮುಂದೆ ಬೇಡ, ರಾತ್ರಿ ಅವನು ಮಲಗಿದ್ಮೇಲೆ ಗಂಡ ಹೆಂಡ್ತಿ ಫೋನಲ್ಲಿ ಮಾತಾಡ್ಕೊಳ್ಳಿ ಅಂದೆ. "ನಿಮ್ಮಮ್ಮಂಗೆ ಹೇಳು" "ಅಜ್ಜಿಗೆ ಹೇಳು" ಅಂತ ಅವನ ಕೈಲಿ ಮಾತು ಕಳಿಸೋದು ಪೂರ್ತಿ ನಿಲ್ಲಬೇಕು, ಇದೇ ಎಲ್ಲಕ್ಕಿಂತ ಕಷ್ಟ ಆಗಿದ್ದು. ನೋವು ಅಂದ್ರೆ ಬೈಬೇಡಿ, ಗಾಬರಿನೂ ಬೀಳ್ಬೇಡಿ, ಹತ್ತು ನಿಮಿಷ ಬಿಸಿನೀರಿನ ಚೀಲ ಇಟ್ಟು ಲೇಟಾದ್ರೂ ಸರಿ ಸ್ಕೂಲಿಗೆ ಬಿಡಿ, ಕ್ಲಾಸ್ ಟೀಚರ್‌ಗೆ ಮೊದ್ಲೇ ಹೇಳಿಡಿ. ಜ್ವರ, ತೂಕ ಇಳಿಯೋದು, ವಾಂತಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸೋ ನೋವು, ಇವುಗಳಲ್ಲಿ ಯಾವ್ದು ಕಂಡ್ರೂ ತಿರುಗಾ ಮಕ್ಕಳ ಡಾಕ್ಟ್ರ ಹತ್ರ ಹೋಗ್ಲೇಬೇಕು ಅಂತನೂ ಬರೆದುಕೊಟ್ಟೆ.

ನಾಲ್ಕು ಸಿಟಿಂಗ್ ಆಗಿದೆ. ಹೋದ ತಿಂಗಳು ಎರಡೇ ದಿನ ಸ್ಕೂಲ್ ತಪ್ಪಿಸಿದಾನೆ. ಬೆಂಗಳೂರಿನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಅದಕ್ಕೆ ಮುಂದಿನ ಸಲ ಚಿನ್ನುನ್ನ ಸ್ಕೂಲಿಗೆ ಕಳಿಸಿ ದೊಡ್ಡೋರು ಮೂರೇ ಜನ ಬನ್ನಿ ಅಂದಿದೀನಿ.