ಸೀಸದ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ಬೀಸುಬಲೆಗೆ ಸೀಸದ ಗುಂಡು ಕಟ್ಟುವವನು ನಾನು. ಸೀಸದ ಅದಿರು ಸುಣ್ಣಕಲ್ಲಿನ ಪದರಗಳಲ್ಲಿ ಸಿಗುತ್ತದೆ ಅಂತ ಓದಿದೆ. ಅದು ಅಲ್ಲಿಗೆ ಎಲ್ಲಿಂದ ಬಂತು ಅಂತ ಪತ್ತೆ ಮಾಡಬಹುದಾ ಸರ್?
— ಓದುಗರೊಬ್ಬರು, ಕುಮಟಾ

ಉತ್ತರ: ಮಾಡಬಹುದು. ಆದರೆ ನಿಮ್ಮ ಗುಂಡಿನಿಂದ ಆಗದು. ಹಳೆ ಬ್ಯಾಟರಿಯ ಸೀಸ ಕರಗಿಸಿ ಮಾಡಿದ್ದಾದರೆ ಅದರಲ್ಲಿ ಹತ್ತು ಗಣಿಗಳ ಸೀಸ ಬೆರೆತಿರುತ್ತದೆ. (ಗುಂಡನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಸೀಸ ವಿಷ.)

ಅದಿರಿನ ಹೆಸರು ಗಲೀನಾ. ಸೀಸಕ್ಕೆ ಗಂಧಕ ಸೇರಿದ್ದು. ಕಾಲೇಜಿನಲ್ಲಿ ಪಾಠ ಮಾಡುವಾಗ ಒಂದು ತುಂಡನ್ನು ಹುಡುಗರ ಕೈಗಿಡುತ್ತಿದ್ದೆ. ಕೈ ಸರ್ರನೆ ಕೆಳಗಿಳಿಯುತ್ತಿತ್ತು. ನೀರಿಗಿಂತ ಸುಮಾರು ಏಳೂವರೆ ಪಟ್ಟು ಭಾರ ಅದು. ಒಡೆದರೆ ಚೂರುಗಳೂ ದಾಳದ ಹಾಗೆ ಚೌಕ.

ಹೂಳು ತುಂಬಿದ ದೊಡ್ಡ ತಗ್ಗುಗಳ ಆಳದಲ್ಲಿ ಬಿಸಿಯಾದ ಉಪ್ಪುನೀರು ಇರುತ್ತದೆ. ಅದು ಮರಳುಕಲ್ಲಿನಿಂದಲೋ ತಳದ ಹಳೆ ಗ್ರಾನೈಟಿನಿಂದಲೋ ಚೂರುಚೂರೇ ಸೀಸ ಎತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಬೆಟ್ಟ ಏಳತೊಡಗಿದರೆ ನೀರು ಅಂಚಿನ ಸುಣ್ಣಕಲ್ಲಿನ ಕಡೆ ಸರಿಯುತ್ತದೆ. ಅಲ್ಲಿ ಗಂಧಕ ಸಿಕ್ಕರೆ ಗಲೀನಾ ಕೂರುತ್ತದೆ.

ಮೂಲ ಹೇಳುವುದು ಸೀಸದೊಳಗಿನ ಐಸೋಟೋಪುಗಳು, ಅಂದರೆ ಬೇರೆ ಬೇರೆ ತೂಕದ ಸೀಸದ ಪರಮಾಣುಗಳು. ಸೀಸ-204 ಮೊದಲಿನಿಂದ ಇದ್ದಷ್ಟೇ ಇರುತ್ತದೆ. ವಿಕಿರಣ ಸೂಸುತ್ತಾ ಯುರೇನಿಯಂ ಸೀಸವಾಗಿ ಬದಲಾಗಿ 206 ಮತ್ತು 207, ಥೋರಿಯಂ ಹಾಗೇ ಬದಲಾಗಿ 208 ಜಾಸ್ತಿಯಾಗುತ್ತಾ ಹೋಗುತ್ತವೆ. ಹಾಗಾಗಿ ಕಲ್ಲು ಕಲ್ಲಿಗೂ ಇವುಗಳ ಪಾಲಿನ ಲೆಕ್ಕ ಬೇರೆ. ಅದಿರಿನ ಲೆಕ್ಕ ಯಾವ ಕಲ್ಲಿಗೆ ಹೊಂದುತ್ತದೆ ಅಂತ ನೋಡಿದರಾಯಿತು. ಅಮೆರಿಕದ ಜಾಪ್ಲಿನ್ ಸುತ್ತಲಿನ ಸೀಸ ನೋಡಿ, ಈ ಪಾಲಿನಿಂದ ವಯಸ್ಸು ಲೆಕ್ಕ ಹಾಕುವ ಹಳೆ ಸೂತ್ರದಲ್ಲಿ ಅದರ ವಯಸ್ಸು ತೆಗೆದರೆ ಇನ್ನೂ ಹುಟ್ಟೇ ಇಲ್ಲ ಅಂತ ಬರುತ್ತದೆ! ಯುರೇನಿಯಂ, ಥೋರಿಯಂನಿಂದ ಹುಟ್ಟಿದ ಸೀಸ ಅಷ್ಟೊಂದು ಸೇರಿಕೊಂಡಿದೆ.

ಐಸೋಟೋಪ್ ಒಂದನ್ನೇ ನಂಬುವವರನ್ನು ನಾನು ಒಪ್ಪುವುದಿಲ್ಲ. ಅದು ಸೀಸದ ತವರು ಹೇಳುತ್ತದೆ, ಹೊತ್ತು ತಂದ ನೀರಿನ ಬಗ್ಗೆ ಹೇಳುವುದಿಲ್ಲ. ನೀರಿನ ಸಾಕ್ಷಿ ಗಲೀನಾದ ಪಕ್ಕದಲ್ಲೇ ಕೂತ ಸತುವಿನ ಖನಿಜದಲ್ಲಿದೆ. ಬೆಳಕು ದಾಟುವಷ್ಟು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿಟ್ಟರೆ ಸಿಕ್ಕಿಬಿದ್ದ ನೀರಹನಿ, ಅದರೊಳಗೊಂದು ಗುಳ್ಳೆ. ಬಿಸಿ ಮಾಡುತ್ತಾ ಹೋದರೆ ಗುಳ್ಳೆ ಮಾಯವಾಗುತ್ತದೆ. ಸಾಮಾನ್ಯವಾಗಿ ಇದು ಸುಮಾರು 75ರಿಂದ 200 ಡಿಗ್ರಿಯೊಳಗೆ. ಅದಿರು ಕೂತಾಗ ನೀರು ಕನಿಷ್ಠ ಅಷ್ಟು ಬಿಸಿ ಇತ್ತು ಅಂತ ಅರ್ಥ.

ಆ ಹನಿಯಲ್ಲಿ ಉಪ್ಪು ಸಮುದ್ರದ ನೀರಿಗಿಂತ ಎಷ್ಟೋ ಪಾಲು ಜಾಸ್ತಿ. ಅದೆಲ್ಲಿಯದು? ನಿಮ್ಮ ಪಕ್ಕದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿರುತ್ತೀರಿ, ಅಲ್ವಾ? ಉಪ್ಪು ಕಟ್ಟಿದ ಮೇಲೆ ಉಳಿಯುವ ಕಹಿ ನೀರಿನಲ್ಲಿ ಬ್ರೋಮಿನ್ ಉಳಿದುಕೊಳ್ಳುತ್ತದೆ. ಹನಿಯಲ್ಲೂ ಕ್ಲೋರಿನ್ ಲೆಕ್ಕಕ್ಕೆ ಬ್ರೋಮಿನ್ ಜಾಸ್ತಿ ಇದ್ದರೆ ಅದು ಬಿಸಿಲಿಗೆ ಆರಿ ಗಟ್ಟಿಯಾದ ಸಮುದ್ರದ ನೀರು. ಕಮ್ಮಿ ಇದ್ದರೆ ನೆಲದೊಳಗಿನ ಉಪ್ಪಿನ ಪದರ ಕರಗಿಸಿಕೊಂಡು ಬಂದದ್ದು.