ಎದುರಾಳಿಯ ಲೆಜೆಂಡರಿ ಕಾರ್ಡ್ ಕಸಿದರೆ ಯಾವುದು ಉಳಿಯುತ್ತದೆ?

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದಲ್ಲಿ ಎದುರಾಳಿಯ ಲೆಜೆಂಡರಿ ಕಾರ್ಡನ್ನು (ಅದೇ ಹೆಸರಿನದು ಒಬ್ಬರ ಮುಂದೆ ಒಂದೇ ಇರಬಹುದಾದ ಕಾರ್ಡ್) ಕಸಿದುಕೊಂಡಿರಿ, ಅದೇ ಹೆಸರಿನದು ನಿಮ್ಮ ಹತ್ತಿರವೂ ಇತ್ತು, ಈಗ ಯಾವುದು ಹೋಗಬೇಕು ಅಂತ ಕೇಳಿದ್ದೀರಿ ಅಲ್ವಾ? ಆಯ್ಕೆ ನಿಮ್ಮದೇ. ಒಂದನ್ನು ಇಟ್ಟುಕೊಳ್ಳಿ. ಇನ್ನೊಂದು ಅದರ ಮಾಲೀಕರ ಗ್ರೇವ್‌ಯಾರ್ಡ್‌ಗೆ, ಅಂದರೆ ಆಟದಿಂದ ಹೋದ ಕಾರ್ಡ್‌ಗಳ ರಾಶಿಗೆ, ಹೋಗುತ್ತದೆ. ಅಂದರೆ ಕಸಿದದ್ದನ್ನು ಬಿಟ್ಟರೆ ಅದು ಎದುರಾಳಿಯ ಗ್ರೇವ್‌ಯಾರ್ಡ್ ಸೇರುತ್ತದೆ, ನಿಮ್ಮದನ್ನಲ್ಲ.

ಕಸಿಯುವ ಮೊದಲು ಇಬ್ಬರ ಮುಂದೆಯೂ ಒಂದೊಂದು ಇದ್ದದ್ದು ತಪ್ಪೇನಲ್ಲ. ವಿರಾಜಪೇಟೆಯ ನಿಮ್ಮ ಅಣ್ಣ ಹೇಳಿದ 'ಎರಡೂ ಹೋಗಬೇಕು' ಅನ್ನುವುದು 2013ಕ್ಕಿಂತ ಹಿಂದಿನ ನಿಯಮ. ಹಳೇ ಆಟಗಾರರು ಅದನ್ನು ಸುಲಭಕ್ಕೆ ಬಿಡುವುದಿಲ್ಲ ಬಿಡಿ!

ಕಾರ್ಡಿಗೆ ಇಂಡಿಸ್ಟ್ರಕ್ಟಿಬಲ್ (ನಾಶವಾಗದ) ಗುಣ ಇದ್ದರೂ ಉಪಯೋಗವಿಲ್ಲ. ಇಲ್ಲಿ ಕಾರ್ಡ್ ನಾಶವಾಗುವುದಿಲ್ಲ, ಸುಮ್ನೆ ಗ್ರೇವ್‌ಯಾರ್ಡ್‌ಗೆ ಹೋಗುತ್ತದೆ. ಇದು ಸ್ಟ್ಯಾಕ್‌ಗೂ (ಆಡಿದ ನಡೆಗಳು ಜಾರಿಯಾಗಲು ಕಾಯುವ ಸಾಲು) ಬರುವುದಿಲ್ಲ, ಹಾಗಾಗಿ ನಡುವೆ ಯಾರೂ ತಡೆಯಲಾಗದು. ಈ ಮಳೆಗೆ ಮಡಿಕೇರಿಯಲ್ಲಿ ಕರೆಂಟ್ ಇದ್ದರೆ ಇವತ್ತೇ ಆಡಿ ನೋಡಿ.